ಟವೆಲ್ಲಿನ ಕೆಳಗಿನ ಕಾಮೆಂಟ್ರಿ

ಮೇ ೨೦, ಮಂಗಳವಾರ

ಈ ನೋಟ್‌ಬುಕ್ಕನ್ನು ದುರ್ಗದಬೈಲಿನಲ್ಲಿ ಬೆರಳು ಮಾಡಿ ತೋರಿಸಿ ಕೊಂಡೆ. ಅಂಗಡಿಯವನು ಕಣ್ಣು ಕಿರಿದು ಮಾಡಿ ನೋಡಿದ. ಸೀಲಾಸನಾದ ನನ್ನ ಬಾಯಿ ಬಂದ್ ಆಗಿದೆ ಎಂದರೆ ಈ ಊರಿನಲ್ಲಿ ಬಸ್ ನಿಲ್ದಾಣದ ಗಡಿಯಾರ ನಿಂತಂತೆ; ಜನ ತಮ್ಮ ಕೈಗಡಿಯಾರವನ್ನೂ ಒಮ್ಮೆ ನೋಡಿಕೊಳ್ಳುತ್ತಾರೆ.

ಮಾತಾಡದೆ ವಿಚಾರ ಮಾಡುವುದು ನನಗೆ ರೂಢಿಯಿಲ್ಲ. ಗಂಟಲು ನೋಡುವ ಡಾಕ್ಟರಮ್ಮ, ನಮ್ಮ ಡಾಕ್ಟರ್ ಬಾಯಾರು, ಮಾತಾಡಬೇಡಿ ಎಂದಿದ್ದಾರೆ, ವಿಚಾರ ಮಾಡಬೇಡಿ ಎಂದಿಲ್ಲ. ಆದ್ದರಿಂದ ಈ ಬರವಣಿಗೆ.

ಮೊದಲು ನನ್ನ ಬಂಡವಾಳ ಬರೆದಿಡುತ್ತೇನೆ. ಒಂದು ಆಟೋ. ಅದರ ತಲೆಯ ಮೇಲೆ ಎರಡು ಭೋಂಗಾ ಸ್ಪೀಕರು. ಒಂದು ಮೈಕು. ಒಂದು ಗಂಟಲು. ಸೀರೆ ಸೇಲು ಬರಲಿ, ಸರ್ಕಸ್ಸು ಬರಲಿ, ಚುನಾವಣೆ ಬರಲಿ, ಹುಬ್ಬಳ್ಳಿಯ ಓಣಿಗಳು ಕೇಳುವುದು ನನ್ನ ಧ್ವನಿಯನ್ನೇ. ಬೇಸಿಗೆಯಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು. ಗದಗಿನಿಂದ ಹಳಿಯಾಳದವರೆಗೆ ನಾನು ಕಾಮೆಂಟ್ರಿ ಹೇಳದ ಮೈದಾನವಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಮಾತು ಒಂದೇ ನನಗೆ ಯಾರೂ ಕಲಿಸದೆ ಬಂದದ್ದು.

ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಯಿಂದ ಫೋನು ಬಂತು. ಮೊಬೈಲಿನಲ್ಲಿ ಕನ್ನಡ ಕಾಮೆಂಟ್ರಿ ಕೇಳಿಸುವ ಕಂಪನಿ. ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್, ಲಾರ್ಡ್ಸ್ ಮೈದಾನ, ಜೂನ್ ಹನ್ನೊಂದರಿಂದ ಐದು ದಿನ. ಈ ಸಲ ಫೈನಲ್ಲಿನಲ್ಲಿ ಇಂಡಿಯಾ ಇಲ್ಲ, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾ. ಇಂಡಿಯಾ ಇಲ್ಲದ ಫೈನಲ್ಲು ದೊಡ್ಡ ಹೆಸರಿನವರಿಗೆ ಬೇಡವಾಯಿತು, ಕಾಮೆಂಟ್ರಿಯ ಕುರ್ಚಿ ಉರುಳುತ್ತ ಉರುಳುತ್ತ ಹುಬ್ಬಳ್ಳಿಗೆ ಬಂತು. ನನಗೆ ಅದೆಲ್ಲ ಗೊತ್ತು. ಮೇಜಿನಿಂದ ಕೆಳಗೆ ಬಿದ್ದರೂ ರೊಟ್ಟಿ ರೊಟ್ಟಿಯೇ. ಸೀಲಾಸ ಲಾರ್ಡ್ಸಿನ ಮ್ಯಾಚು ಹೇಳುತ್ತಾನೆ.

ಆಮೇಲೆ ಗಂಟಲು ಒಡೆಯಿತು. ಮೂರು ವಾರ ಜ್ಯೇಷ್ಠಮಧು ಅಗಿದೆ, ಮೆಣಸಿನ ಕಷಾಯ ಕುಡಿದೆ. ಹೆಂಡತಿ ಮೇಬಲ್ ಇವತ್ತು ಕೈಹಿಡಿದು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ಬಾಯಾರು ಮೂಗಿನಿಂದ ಒಂದು ತೆಳ್ಳಗಿನ ನಳಿಗೆ ಇಳಿಸಿ, ಟಿವಿಯಲ್ಲಿ ನನ್ನ ಧ್ವನಿಯನ್ನು ನನಗೇ ತೋರಿಸಿದರು. ಬಾಗಿಲಿನ ಎರಡು ಕದಗಳ ಹಾಗೆ ತೆರೆಯುತ್ತದೆ, ಮುಚ್ಚುತ್ತದೆ. ಇಷ್ಟರ ಮೇಲೆ ಬದುಕಿದೆನೇ ಎನಿಸಿತು. ಎಡಗಡೆಯ ಕದದ ಮೇಲೆ ಬೆಳ್ಳಗೆ ಒಂದು ಕಲೆ, ಸುಣ್ಣ ಹಚ್ಚಿ ಒಣಗಿದಂತೆ.

ತಂಬಾಕು? ಇಲ್ಲ. ಕುಡಿತ? ಇಲ್ಲ. ಬಾಯಿಯ ಹತ್ತಿರ ನಾನು ತಂದದ್ದು ಮೈಕೊಂದನ್ನೇ. ಹತ್ತು ದಿನ ಗುಳಿಗೆ, ಮಾತು ಬಂದ್. ಕಲೆ ಹೋಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಏನಿರಬಹುದು ಎಂದು ಮೇಬಲ್ ಕೇಳಿದಾಗ ಒಂದು ಶಬ್ದವನ್ನೂ ಹೇಳಿದರು. ಆ ಶಬ್ದವನ್ನು ಇಲ್ಲಿ ಬರೆಯುವುದಿಲ್ಲ. ನೋಟ್‌ಬುಕ್ ಹೊಸದು.

ಮೇ ೨೪, ಶನಿವಾರ

ನಿನ್ನೆ ಆರ್‌ಸಿಬಿ ಸೋತಿತು. ಅಹಮದಸಾಬ ಚಾಚಾನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅವನಿಗೆ ಇಡೀ ಮ್ಯಾಚು ಹೇಳಿದೆ. ಪಿಸುಮಾತಿನಲ್ಲಿ. ಪಿಸುಮಾತು ಖರ್ಚಿಗೆ ಹಿಡಿಯುವುದಿಲ್ಲ ಎಂದು ನನ್ನ ಲೆಕ್ಕ. ಹೊಟೇಲಿನಲ್ಲಿ ನೀರಿಗೆ ಬಿಲ್ಲು ಹಾಕುತ್ತಾರೆಯೇ?

ಚಾಚಾನಿಗೆ ಕಣ್ಣಿಲ್ಲ. ದನಗಳ ಹಗ್ಗ, ಮುಖಕ್ಕೆ ಕಟ್ಟುವ ಮಗಡ, ಕೊರಳಗಂಟೆ ಮಾರುವ ಅಂಗಡಿ. ನಾನು ಕಾಮೆಂಟ್ರಿ ಕಲಿತದ್ದೇ ಅವನಿಗೆ ಹೇಳಿ ಹೇಳಿ. ಪಕ್ಕದಲ್ಲಿ ಟಿವಿ ಇರುತ್ತದೆ, ಅದರಲ್ಲಿ ಮಾತಾಡುವವರೂ ಇರುತ್ತಾರೆ, ಆದರೂ ಅವನಿಗೆ ನಾನೇ ಬೇಕು. ಅವನ ಬಗ್ಗೆ ಬರೆಯಲು ಬೇರೆ ಹೆಚ್ಚೇನಿಲ್ಲ. ನಾನು ಹೇಳುತ್ತೇನೆ, ಅವನು ಕೇಳುತ್ತಾನೆ.

ಪಿಸುಮಾತಿನಲ್ಲೂ ನನ್ನ ಏರಿಳಿತ ಕೆಟ್ಟಿಲ್ಲ. ಹಾದಿಯಲ್ಲಿ ಆಟೋದೊಳಗೆ ಒಬ್ಬನೇ ಲಾರ್ಡ್ಸಿನ ಮೊದಲ ಓವರನ್ನೂ ಹೇಳಿ ನೋಡಿದೆ.

ಮೇ ೨೫, ಭಾನುವಾರ

ಚರ್ಚಿನಲ್ಲಿ ಪಾದ್ರಿ ಅಯ್ಯನವರು ಪ್ರತಿವಾರ ರೋಗಿಗಳ ಹೆಸರು ಓದಿ ಪ್ರಾರ್ಥನೆ ಮಾಡಿಸುತ್ತಾರೆ. ನನ್ನ ಹೆಸರು ಬರೆದುಕೊಡುತ್ತೇನೆ ಎಂದಳು ಮೇಬಲ್. ನಾನು ಅವಳ ಪರ್ಸಿನಿಂದ ಪೆನ್ನು ಕಸಿದುಕೊಂಡೆ. ಅಯ್ಯನವರು ಒಮ್ಮೆ ಓದಿದರೆ ಕರ್ತನಿಗಿಂತ ಮೊದಲು ನಮ್ಮ ಕೇಶ್ವಾಪುರಕ್ಕೆ ಗೊತ್ತಾಗುತ್ತದೆ, ಸಂಜೆಯೊಳಗೆ ಎಲ್ಲ ಟೂರ್ನಮೆಂಟ್ ಕಮಿಟಿಗಳಿಗೂ ಗೊತ್ತಾಗುತ್ತದೆ. ಧ್ವನಿ ಹೋದ ಸೀಲಾಸನನ್ನು ಯಾರು ಕರೆಯುತ್ತಾರೆ?

ಕೀರ್ತನೆ ಹಾಡುವಾಗ ಬಾಯಿ ಆಡಿಸಿದೆ. ಪಕ್ಕದವರಿಗೆ ಗೊತ್ತಾಗಲಿಲ್ಲ. ಕೊನೆಗೆ ಹೀಗೇ ಆದರೆ? ಬಾಯಿ ಆಡುತ್ತಿದೆ, ಏನೂ ಇಲ್ಲ.

ಮೇ ೩೧, ಶನಿವಾರ

ನಿನ್ನೆ ಚೂರು ತೆಗೆದರು.

ಮೊದಲು ಮತ್ತೆ ನಳಿಗೆ ಇಳಿಸಿ ನೋಡಿದರು. ಕಲೆ ಇದ್ದಲ್ಲೇ ಇದೆ, ಸುತ್ತ ಇನ್ನಷ್ಟು ಕೆಂಪಾಗಿದೆ. ಡಾಕ್ಟರ್ ಬಾಯಾರು ಕೇಳಿದರು, "ಮಾತಾಡಿದ್ರೇನು?" ಇಲ್ಲವೆಂದು ತಲೆ ಆಡಿಸಿದೆ. "ಪಿಸುಮಾತು?" ಹೆಮ್ಮೆಯಿಂದ ಹೌದೆಂದು ಗೋಣು ಹಾಕಿದೆ. ಅವರು ಕುರ್ಚಿಗೆ ಒರಗಿ, ಗಂಟಲಿಗೆ ಪಿಸುಮಾತಿನ ತ್ರಾಸು ಸಾದಾ ಮಾತಿಗಿಂತ ಹೆಚ್ಚು ಎಂದರು. ಹತ್ತು ದಿನ ಉಳಿತಾಯ ಎಂದು ಬರೆದದ್ದೆಲ್ಲ ಖರ್ಚೇ ಆಗಿತ್ತು. ಮೇಬಲ್ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಎರಡು ವಾರ ಮಾತಿಲ್ಲ, ಪಿಸುಮಾತಿಲ್ಲ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಂತೆಯೂ ಇಲ್ಲ. ಜೂನ್ ಒಂಬತ್ತಕ್ಕೆ ರಿಪೋರ್ಟು. ಹನ್ನೊಂದಕ್ಕೆ ಫೈನಲ್ಲು.

ಅರಿವಳಿಕೆಯಿಂದ ಎಚ್ಚರವಾದಾಗಿನಿಂದ ಒಂದೇ ಹೆದರಿಕೆ. ಧ್ವನಿ ಇದೆಯೋ, ಅದೂ ಆ ಚೂರಿನ ಸಂಗಡ ಹೋಯಿತೋ? ನೋಡುವಂತಿಲ್ಲ. ಸಂತೆಯ ಗದ್ದಲದಲ್ಲಿ ನಿಲ್ಲಿಸಿ, ಜೇಬಿನಲ್ಲಿ ಪಾಕೀಟು ಇದೆಯೋ ಇಲ್ಲವೋ ಮುಟ್ಟಿ ನೋಡಬೇಡ ಎಂದಹಾಗೆ.

ಜೂನ್ ೧, ಭಾನುವಾರ

ಸಂಜೆ ಚಾಚಾನ ಅಂಗಡಿಗೆ ಹೋದೆ. ಹೋಗಬಾರದು ಎಂದುಕೊಂಡೇ ಹೋದೆ. ಕಣ್ಣಿಲ್ಲದವನ ಮುಂದೆ ಬಾಯಿಲ್ಲದವನು ಕುಳಿತು ಏನು ಮಾಡುವುದು? ಕಟ್ಟೆಯ ಮೇಲೆ ಸುಮ್ಮನೆ ಕುಳಿತೆ. ಆಟೋ ಸಪ್ಪಳದಿಂದ ನಾನೆಂದು ಅವನಿಗೆ ಗೊತ್ತಾಗಿತ್ತು. ಮೇಬಲ್ ಮೊದಲೇ ಫೋನು ಮಾಡಿ ಎಲ್ಲ ಹೇಳಿದ್ದಳಂತೆ.

ಟಿವಿಯಲ್ಲಿ ಯಾವುದೋ ಹಳೆಯ ಮ್ಯಾಚು. ಚಾಚಾ ಸ್ವಲ್ಪ ಹೊತ್ತು ಕೇಳಿ ಬೇಸರಪಟ್ಟ. "ಇವ್ರು ನೋಡಾವ್ರಿಗೆ ಹೇಳ್ತಾರ ಸೀಲಾಸ. ನನಗ ಹೇಳಂಗಿಲ್ಲ" ಎಂದ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಬಲಗೈಯ ಮೇಲೆ ಹಾಕಿದ. ಅದರ ಕೆಳಗೆ ತನ್ನ ಕೈ ತಂದು ನನ್ನ ಬೆರಳು ಹಿಡಿದ.

ಕಣ್ಣು ಹೋಗುವ ಮೊದಲು ಚಾಚಾ ದನದ ಸಂತೆಯಲ್ಲಿ ದಲಾಲನಾಗಿದ್ದ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ದಲಾಲನೂ ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಪೂರ್ತಿ ಕೈ ಹಿಡಿದರೆ ಐದು. ಸುತ್ತ ನಿಂತ ನೂರು ಜನರಿಗೆ ಬರೀ ಟವೆಲ್ಲು ಕಾಣುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಕೈ ಬಿಟ್ಟುಬಿಡುವುದು. ಬಿಟ್ಟರೆ ವ್ಯಾಪಾರ ಮುರಿಯಿತು.

ಇಷ್ಟು ವರ್ಷ ಇವನ ಪಕ್ಕ ಕುಳಿತಿದ್ದೇನೆ, ಇದನ್ನು ನಾನು ಕೇಳಿಯೇ ಇರಲಿಲ್ಲ.

ಹಳೆಯ ಮ್ಯಾಚಿನ ಮೇಲೆ ಕಲಿತೆವು. ರನ್ನು ಎಷ್ಟೋ ಅವನ ಅಷ್ಟು ಬೆರಳು ನಾನು ಹಿಡಿಯುವುದು. ಪೂರ್ತಿ ಕೈ ಹಿಡಿದು ಮೇಲೊಂದು ಬೆರಳು ಹಿಡಿದರೆ ಸಿಕ್ಸರ್. ರನ್ನಿಲ್ಲದ ಚೆಂಡಿಗೆ ಹೆಬ್ಬೆರಳಿನಿಂದ ಒಮ್ಮೆ ಒತ್ತುವುದು. ಔಟಾದರೆ ಕೈ ಬಿಡುವುದು. ಮೊದಲು ತಪ್ಪಿದೆ, ಎರಡಕ್ಕೆ ಮೂರು ಬೆರಳು ಹಿಡಿದೆ. ಚಾಚಾ ನಕ್ಕ. "ಹಿಂಗ ಹಿಡದ್ರ ಸಂತ್ಯಾಗ ಮನಿ ಮಾರ್ಕೊಂಡು ಹೋಗ್ತಿದ್ದಿ ನೋಡು."

ಅವನ ಮಗಳು ಗುಲ್ಜಾರಬಿ ಚಹಾ ತಂದವಳು ಬಾಗಿಲಲ್ಲೇ ನಿಂತು, ನೋಡಿದವರು ಬೆಟ್ಟಿಂಗ್ ನಡೆದಿದೆ ಎನ್ನುತ್ತಾರೆ ಎಂದಳು.

ಜೂನ್ ೪, ಬುಧವಾರ, ಮುಂಜಾನೆ

ಆರ್‌ಸಿಬಿ ಗೆದ್ದಿತು. ಹದಿನೆಂಟು ವರ್ಷದ ಮೇಲೆ ಗೆದ್ದಿತು, ಮತ್ತು ನಾನು ಒಂದು ಶಬ್ದ ಆಡಲಿಲ್ಲ.

ನಿನ್ನೆ ಅಹಮದಾಬಾದಿನ ಐಪಿಎಲ್ ಫೈನಲ್ಲು ನೋಡಲು ಚಾಚಾನ ಅಂಗಡಿಯ ಮುಂದೆ ಇಡೀ ಓಣಿ ಸೇರಿತ್ತು. ನಾವಿಬ್ಬರೂ ಕಟ್ಟೆಯ ಮೂಲೆಯಲ್ಲಿ, ಟವೆಲ್ಲಿನ ಕೆಳಗೆ ಕೈ. ಗಸ್ತಿಗೆ ಬಂದ ಪೊಲೀಸಿನವನೊಬ್ಬ ನಮ್ಮನ್ನು ನೋಡಿ, ನಿಂತು, ಹತ್ತಿರ ಬಂದು ಟವೆಲ್ಲು ಎತ್ತಿದ. ಎರಡು ಕೈ. ಏನಿದು ಎಂದು ಕೇಳಿದ.

"ಎತ್ತಿನ ವ್ಯಾಪಾರರಿ" ಎಂದ ಚಾಚಾ.

"ಎತ್ತು ಎಲ್ಲೈತಿ?"

"ಅಹಮದಾಬಾದದಾಗ ಐತ್ರಿ. ಹನ್ನೊಂದು ಕೆಂಪು ಎತ್ತು."

ಪೊಲೀಸಿನವನು ನಕ್ಕು ಟವೆಲ್ಲು ಇದ್ದಹಾಗೇ ಹೊದಿಸಿ, ನಮ್ಮ ಪಕ್ಕದಲ್ಲೇ ಕುಳಿತು ಕೊನೆಯ ಓವರುಗಳನ್ನು ನೋಡಿದ.

ಗೆದ್ದ ಕೂಡಲೇ ಪಟಾಕಿ. ಯಾರೋ ನನ್ನ ಆಟೋದೊಳಗಿನ ಮೈಕನ್ನೇ ಎಳೆದು ತಂದು ನನ್ನ ಬಾಯಿಗೆ ಹಿಡಿದರು. ಪ್ರತಿ ಬೇಸಿಗೆಯಲ್ಲಿ "ಈ ಸಲ ಕಪ್ ನಮ್ದೇ" ಎಂದು ಊರೆಲ್ಲ ಕೂಗಿ ತಿರುಗಿದವನು ನಾನು, ಒಂದೇ ಒಂದು ಸಲ ಹೇಳಣ್ಣಾ ಎಂದು ಹತ್ತು ಜನ ಹೆಗಲು ಅಲುಗಿಸಿದರು. ನನಗೆ ಬಾಯಿ ತೆರೆದೇ ಹೋಯಿತು. ಎದೆಯಿಂದ ಉಸಿರು ಎದ್ದು ಗಂಟಲಿನ ಹೊಸ್ತಿಲಿನವರೆಗೂ ಬಂತು. ಟವೆಲ್ಲಿನ ಕೆಳಗೆ ಚಾಚಾ ನನ್ನ ಐದೂ ಬೆರಳು ಒಟ್ಟಿಗೆ ಅಮುಕಿದ. ನೋವಾಗುವಷ್ಟು. ಬಾಯಿ ಮುಚ್ಚಿದೆ.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಖುಷಿಗೆ ಅಳುತ್ತಿದ್ದಾನೆ ಎಂದು ಫೋಟೋ ತೆಗೆದರು. ಹೆದರಿಕೆಯ ಅಳುವಿಗೂ ಖುಷಿಯ ಅಳುವಿಗೂ ಫೋಟೋದಲ್ಲಿ ಫರಕು ಕಾಣುವುದಿಲ್ಲ.

ಜೂನ್ ೫, ಗುರುವಾರ

ಬೆಂಗಳೂರಿನಲ್ಲಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಕಪ್ ನೋಡಲು ಹೋದವರು. ಮೇಬಲ್ ಪೇಪರನ್ನು ಮಡಚಿ ನನ್ನ ಕೈಗೆ ಸಿಗದಂತೆ ಇಟ್ಟಳು, ನಾನು ಹುಡುಕಿ ಓದಿದೆ. ಒಬ್ಬೊಬ್ಬರ ವಯಸ್ಸು ಓದಿದೆ.

ಜನರನ್ನು ಒಂದೆಡೆ ಸೇರಿಸಿ ಕೂಗಿಸುವುದೇ ನನ್ನ ಕಸುಬು. ಇವತ್ತು ಆಟೋ ತೆಗೆಯಲಿಲ್ಲ.

ಜೂನ್ ೬, ಶುಕ್ರವಾರ

ಕಂಪನಿಯಲ್ಲಿ ನಮ್ಮ ಕೆಲಸ ನೋಡುವವಳು ರಜನಿ ಎಂಬ ಹುಡುಗಿ. ಒಂದು ನಿಮಿಷದ ಸ್ಯಾಂಪಲ್ ಕಳಿಸಬೇಕು, ಇವತ್ತೇ, ಎಂದು ಮೆಸೇಜು ಹಾಕಿದಳು.

ಮೇಬಲ್ ತಾನು ಕಲಿಸುವ ಸಾಲಿಗೆ ಹೋದ ಮೇಲೆ ಆಟೋ ತೆಗೆದು ಧಾರವಾಡದ ರಸ್ತೆ ಹಿಡಿದೆ. ರಾಯಾಪುರ ದಾಟಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಒಂದೇ ನಿಮಿಷ. ಒಂದು ನಿಮಿಷಕ್ಕೆ ಏನಾಗುತ್ತದೆ? ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಲಾರ್ಡ್ಸಿಗೆ ಸ್ವಾಗತ ಎನ್ನಲು ಬಾಯಿ ತೆರೆದೆ.

ತೆರೆದೇ ಇದ್ದೆ. ಡಾಕ್ಟರರ ಮಾತು ನೆನಪಾಗಿ ಸುಮ್ಮನಾದೆ ಎಂದು ಬರೆಯಬಹುದು, ಓದಲು ಚೆನ್ನಾಗಿರುತ್ತದೆ. ಹಾಗಲ್ಲ. ಧ್ವನಿ ಬರಲಿಕ್ಕಿಲ್ಲ ಎಂಬ ಹೆದರಿಕೆಯೂ ಅಲ್ಲ. ಬಂದರೆ ಅದು ಬೇರೆ ಯಾರದೋ ಆಗಿದ್ದರೆ ಎಂಬ ಹೆದರಿಕೆ. ಹ್ಯಾಂಡಲ್ ಹಿಡಿದು ಕುಳಿತೆ. ಆಮೇಲೆ ರೆಕಾರ್ಡಿಂಗ್ ಹಚ್ಚಿ ಕೇಳಿದರೆ ಲಾರಿ, ಬಸ್ಸು, ಗಾಳಿ, ಎಲ್ಲೋ ಒಂದು ಕೋಗಿಲೆ.

ಕಡೆಗೆ ವ್ಯಾಪಾರಸ್ಥನ ಬುದ್ಧಿ ಮಾಡಿದೆ. ಹೋದ ವರ್ಷ ಕೆಲಗೇರಿಯ ಟೂರ್ನಮೆಂಟಿನಲ್ಲಿ ಯಾರೋ ನನ್ನ ಕಾಮೆಂಟ್ರಿ ರೆಕಾರ್ಡ್ ಮಾಡಿ ಕಳಿಸಿದ್ದರು, ಅದನ್ನೇ ರಜನಿಗೆ ಕಳಿಸಿದೆ. ಸಂಜೆಯೊಳಗೆ ಉತ್ತರ ಬಂತು. "ಸರ್, ನಿಮ್ ವಾಯ್ಸ್ ಸೂಪರ್. ಎಲ್ರಿಗೂ ಇಷ್ಟ ಆಯ್ತು." ಹತ್ತನೆಯ ತಾರೀಖಿನ ಬೆಂಗಳೂರು ರೈಲಿನ ಟಿಕೆಟ್ಟೂ ಬಂತು.

ಹೋದ ವರ್ಷದ ಸೀಲಾಸನಿಗೆ ಕೆಲಸ ಸಿಕ್ಕಿದೆ. ಅವನನ್ನು ಎಲ್ಲಿಂದ ಕರೆತರುವುದು?

ಐದು ದಿನ ಮಾತಾಡಿ, ಆಮೇಲೆ ಏನಾದರಾಗಲಿ ಎಂದೂ ವಿಚಾರ ಬರುತ್ತಿದೆ. ಟಿಕೆಟ್ಟನ್ನು ಮೇಬಲ್‌ಗೆ ತೋರಿಸಿಲ್ಲ.

ಜೂನ್ ೭, ಶನಿವಾರ

ಬಕ್ರೀದ್. ಗುಲ್ಜಾರಬಿ ಬಿರಿಯಾನಿಗೆ ಕರೆದಿದ್ದಳು. ನನಗಾಗಿ ಖಾರ ಕಡಿಮೆ ಮಾಡಿ ಬೇರೆ ತೆಗೆದಿಟ್ಟಿದ್ದಳು. ನುಂಗುವಾಗ ಪ್ರತಿ ತುತ್ತಿಗೂ ಆ ಕಲೆಯ ಮೇಲೆ ಹಾದುಹೋಗುತ್ತಿದೆ ಎನಿಸಿತು.

ಊಟವಾದ ಮೇಲೆ ಮೊಬೈಲ್ ತೆಗೆದು ಟಿಕೆಟ್ಟನ್ನು ಗುಲ್ಜಾರಬಿಗೆ ತೋರಿಸಿದೆ. ಅವಳು ಚಾಚಾನಿಗೆ ಓದಿ ಹೇಳಿದಳು. ಚಾಚಾ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತನ್ನ ಕಣ್ಣಿನ ಮಾತು ತೆಗೆದ. ನಾನು ಯಾವಾಗಲೂ ಮಾತಿನ ನಡುವೆ ಬಾಯಿ ಹಾಕುವವನು. ಇವತ್ತು ಹಾಕುವಂತಿರಲಿಲ್ಲ, ಪೂರ್ತಿ ಕೇಳಿದೆ.

ಕಣ್ಣು ಒಮ್ಮೆಲೇ ಹೋಗಲಿಲ್ಲವಂತೆ. ಅಂಚಿನಿಂದ ಕತ್ತಲಾಗುತ್ತ ಬಂತಂತೆ. ಸಂತೆಯಲ್ಲಿ ಯಾರಿಗೂ ಗೊತ್ತಾಗಬಾರದು ಎಂದು ಎರಡು ವರ್ಷ ಎತ್ತಿನ ಹಲ್ಲನ್ನು ಬೆರಳಿನಿಂದ ಮುಟ್ಟಿ ವಯಸ್ಸು ಹೇಳಿದನಂತೆ. ಕಾಣುತ್ತದೆ ಎಂದು ನಟಿಸುತ್ತ ಒಂದು ದಿನ ಹೋರಿಯ ಕೊಂಬಿನ ಮುಂದೆಯೇ ಹೋಗಿ ನಿಂತನಂತೆ. ಪಕ್ಕೆಯ ಗಾಯದ ಗುರುತಿನ ಮೇಲೆ ನನ್ನ ಕೈ ಇಡಿಸಿದ.

"ಹೋಗೂದು ಅಷ್ಟ ಕೆಟ್ಟ ಅಲ್ಲ ಸೀಲಾಸ. ಹೋಗ್ತದ, ಹೋಗ್ತದ ಅಂತ ಕಾಯೂದು ಭಾಳ ಕೆಟ್ಟ. ಹೋದ ಮ್ಯಾಲೆ ಮಾಡಾಕ ಕೆಲಸ ಇರ್ತಾವ."

ದಕ್ಷಿಣ ಆಫ್ರಿಕಾದವರು ಗೆಲ್ಲಬೇಕು ಎಂದು ಅವನ ಆಸೆ. ಪ್ರತಿಸಲ ಬಾಗಿಲಿನವರೆಗೆ ಬಂದು ಮುಗ್ಗರಿಸುತ್ತಾರೆ, ಅವರ ಮೇಲೆ ಕರುಣೆ ಬರುತ್ತದೆ ಎಂದ.

ಜೂನ್ ೮, ಭಾನುವಾರ

ಚರ್ಚಿನಲ್ಲಿ ಪಂಚಾಶತ್ತಮ ಹಬ್ಬ. ಶಿಷ್ಯರಿಗೆ ಬೆಂಕಿಯ ನಾಲಗೆ ಇಳಿದು ಬಂದು, ಎಲ್ಲ ಭಾಷೆಯಲ್ಲೂ ಮಾತು ಹೊರಟ ದಿನ. ಅಯ್ಯನವರು ರೋಗಿಗಳ ಹೆಸರು ಓದಿದರು. ನನ್ನದು ಮೂರನೆಯದು. ಚೀಟಿ ಬರೆದು ಕೊಟ್ಟದ್ದು ನಾನೇ.

ಮೇಬಲ್ ಕೀರ್ತನೆಯ ಪುಸ್ತಕ ನನ್ನ ಕಡೆ ಸರಿಸಿದಳು. ಅವಳ ಹಾಡನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲ. ಯಾವಾಗಲೂ ನನ್ನದೇ ಜೋರು ಇರುತ್ತಿತ್ತು.

ನಾಳೆ ರಿಪೋರ್ಟು.

ಜೂನ್ ೯, ಸೋಮವಾರ

ಡಾಕ್ಟರ್ ಬಾಯಾರು ಲಕೋಟೆ ಒಡೆಯುವಾಗ ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದೆ. ಕ್ಯಾನ್ಸರ್ ಎಂದರು. ಶುರುವಿನಲ್ಲೇ ಸಿಕ್ಕಿದೆ, ಗಂಟಲಿನ ಒಂದೇ ಕದದ ಮೇಲಿದೆ, ಎಲ್ಲಿಗೂ ಹಬ್ಬಿಲ್ಲ ಎಂದರು. ಕೊಯ್ಯುವುದು ಬೇಡ, ಆರೇಳು ವಾರ ಕಿರಣದ ಚಿಕಿತ್ಸೆ. ಇಂಥವರಲ್ಲಿ ಬಹಳ ಜನ ಪೂರ್ತಿ ಗುಣವಾಗುತ್ತಾರೆ ಎಂದು ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದರಿಂದ ನನಗೆ ಅರ್ಧ ಮಾತ್ರ ನಂಬಿಕೆ ಬಂತು. ಸೀರೆ ಸೇಲಿನಲ್ಲಿ ನಾನೂ ಎರಡು ಸಲ ಹೇಳುತ್ತೇನೆ.

ಮೇಬಲ್ ಕೇಳಿದಳು, "ಧ್ವನಿ ಉಳೀತದೇನ್ರಿ?"

"ಧ್ವನಿ ಇರ್ತದ. ಮೊದಲಿನ ಧ್ವನಿನೇ ಇರ್ತದ ಅಂತ ನಾ ಹೇಳಂಗಿಲ್ಲ."

ನಾನು ಮೊಬೈಲ್ ತೆಗೆದು ರೈಲಿನ ಟಿಕೆಟ್ಟನ್ನು ಮೇಜಿನ ಮೇಲಿಟ್ಟೆ. ಮೇಬಲ್ ಮೊದಲ ಸಲ ನೋಡಿದ್ದು ಆಗಲೇ. ಡಾಕ್ಟರ್ ಬಾಯಾರು ತಾರೀಖು ನೋಡಿ, ಹನ್ನೆರಡನೆಯ ತಾರೀಖಿಗೆ ಚಿಕಿತ್ಸೆಯ ಅಳತೆ ತೆಗೆಯಲು ಹೇಳಿದ್ದೇನೆ, ತಡಮಾಡುವುದು ಬಿಡುವುದು ನಿಮ್ಮ ಕೈಯಲ್ಲಿದೆ, ಆದರೆ ಐದು ದಿನ ಈ ಗಂಟಲಿನಿಂದ ಕೂಗಿದರೆ ಉಳಿಯುವ ಧ್ವನಿಯನ್ನೂ ನೀವೇ ಕಳಕೊಳ್ಳುತ್ತೀರಿ ಎಂದರು.

ಆಟೋದಲ್ಲಿ ಬರುವಾಗ ಮೇಬಲ್ ಹಿಂದಿನ ಸೀಟಿನಿಂದ ಕೈಚಾಚಿ ನನ್ನ ಅಂಗಿಯ ಬೆನ್ನು ಹಿಡಿದಿದ್ದಳು. ಗಾಡಿ ನಿಲ್ಲಿಸುವವರೆಗೂ ಹಿಡಿದೇ ಇದ್ದಳು.

ಜೂನ್ ೧೦, ಮಂಗಳವಾರ

ರಜನಿಗೆ ಮೆಸೇಜು ಹಾಕಿದ್ದರೆ ಆಗುತ್ತಿತ್ತು. ಮೇಬಲ್ ತಾನೇ ಮಾತಾಡುತ್ತೇನೆ ಎಂದಳು. ಬೇಡವೆಂದು ತಲೆಯಾಡಿಸಿದೆ. ಕೆಲಸ ಕೊಟ್ಟವರಿಗೆ ಬಾಯಿಂದಲೇ ಇಲ್ಲ ಎನ್ನಬೇಕು. ಎಲ್ಲವನ್ನೂ ಉಳಿಸಿಟ್ಟಿದ್ದೇನೆ, ಒಂದು ವಾಕ್ಯ ಖರ್ಚು ಮಾಡುವ ಹಕ್ಕು ನನಗಿದೆ. ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಗಟ್ಟಿಯಾಗಿ ಅಲ್ಲ, ಪಿಸುಮಾತಿನಲ್ಲೂ ಅಲ್ಲ, ಮೆಲ್ಲಗೆ ಹೇಳಿದೆ. "ರಜನಿ, ನನಗ ಬರಾಕ ಆಗಂಗಿಲ್ಲವಾ."

ಹಸಿ ಕಟ್ಟಿಗೆ ಕೊಯ್ದಂಥ ಸಪ್ಪಳ. ರಾಯಾಪುರದ ಮರದ ಕೆಳಗೆ ಹೆದರಿದ್ದು ಇದಕ್ಕೇ.

ಆ ಕಡೆಯಿಂದ ಹುಡುಗಿ ಕೇಳಿದಳು, "ಯಾರು ಸರ್ ಮಾತಾಡ್ತಿರೋದು? ಸೀಲಾಸ್ ಸರ್‌ಗೆ ಫೋನ್ ಕೊಡ್ತೀರಾ?"

ಮೇಬಲ್ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀವು ಕೇಳಿದ್ದು ಅವ್ರ ಮಾತವಾ" ಎಂದಳು. "ಈಗ ಅವ್ರ ಧ್ವನಿ ಇದು."

ಆಮೇಲೆ ಹುಡುಗಿ ಅತ್ತಳೋ ಏನೋ, ಮೇಬಲ್ ಒಳಗೆ ಹೋಗಿ ಬಹಳ ಹೊತ್ತು ಅವಳಿಗೇ ಸಮಾಧಾನ ಹೇಳುತ್ತಿದ್ದಳು. ನಾನು ಆಟೋದ ಮೇಲಿನ ಭೋಂಗಾಗಳಿಗೆ ಗೋಣಿತಟ್ಟು ಕಟ್ಟಿದೆ. ಮಳೆ ಬರುವ ಲಕ್ಷಣವಿದೆ, ನೀರು ಹೊಕ್ಕರೆ ಕೆಡುತ್ತವೆ.

ಜೂನ್ ೧೨, ಗುರುವಾರ, ಮುಂಜಾನೆ

ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು. ಮುಖಕ್ಕೂ ಕುತ್ತಿಗೆಗೂ ಅಳತೆ ತೆಗೆದು ಬಲೆಯಂಥ ಒಂದು ಮುಖವಾಡ ಮಾಡುತ್ತಾರಂತೆ. ಅಲುಗಾಡದಂತೆ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರಂತೆ. ಆಮೇಲೆ ಕೋಣೆಯಲ್ಲಿ ನಾನೊಬ್ಬನೇ. ಇದನ್ನು ಬರೆಯುವಾಗಲೇ ಬೆವರು ಬರುತ್ತಿದೆ, ಆದ್ದರಿಂದ ನಿನ್ನೆಯ ಮ್ಯಾಚು ಬರೆಯುತ್ತೇನೆ.

ಮೂರು ಗಂಟೆಗೆ ಶುರು. ಓಣಿಯಲ್ಲಿ ಯಾರಿಗೂ ಸುದ್ದಿಯೇ ಇಲ್ಲ. ಚಾಚಾನ ಅಂಗಡಿಯ ಕಟ್ಟೆಯ ಮೇಲೆ ನಾವಿಬ್ಬರೇ. ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತು ಹೇಳುತ್ತಿದ್ದಾನೆ, ಮೊಬೈಲಿನಲ್ಲಿ ಹಾಕಲೇ ಎಂದು ಗುಲ್ಜಾರಬಿ ಕೇಳಿದಳು. ಚಾಚಾ ಬೇಡವೆಂದ. "ಆಂವ ಊರಿಗೆಲ್ಲಾ ಹೇಳಾಕತ್ತಾನ. ನನಗ ಹೇಳಾಂವ ಇಲ್ಲೇ ಕುಂತಾನ." ಟವೆಲ್ಲು ಹಾಸಿದ. ಹೊಸದು, ಬಕ್ರೀದಿಗೆ ತಂದದ್ದು.

ಟಾಸು ಗೆದ್ದ ದಕ್ಷಿಣ ಆಫ್ರಿಕಾದವರು ಬೌಲಿಂಗ್ ಆರಿಸಿಕೊಂಡಿದ್ದರು. ಮೇಲೆ ಮೋಡ, ಚೆಂಡು ಹಾವಿನಂತೆ ಹೊರಳುತ್ತಿತ್ತು. ರನ್ನೇ ಇಲ್ಲ. ಹೆಬ್ಬೆರಳು ಒತ್ತುವುದು, ಮತ್ತೆ ಒತ್ತುವುದು. ಒಂದೊಂದು ಸಲ ಒಂದು ಬೆರಳು. ಚಾಚಾ ತಲೆ ತಗ್ಗಿಸಿ, ಸಂತೆಯಲ್ಲಿ ಹೇಗೆ ಕುಳಿತಿದ್ದನೋ ಹಾಗೆ ಕುಳಿತಿದ್ದ. ಏಳನೆಯ ಓವರಿನಲ್ಲಿ ಚೆಂಡು ಬ್ಯಾಟಿನ ಅಂಚು ಸವರಿ ಸ್ಲಿಪ್ಪಿನವನ ಕೈ ಸೇರಿತು. ಒಂದೂ ರನ್ನಿಲ್ಲದೆ ಓಪನರ್ ಹೊರಟ.

ಕೈ ಬಿಡಬೇಕಿತ್ತು. ನನಗೆ ಬಿಡಲಾಗಲಿಲ್ಲ.

ಟಿವಿಯಲ್ಲಿ ಜನರ ಕೂಗು ಎದ್ದು ಇಳಿಯಿತು. "ಔಟ್ ಆತಲ್ಲ?" ಎಂದ ಚಾಚಾ. "ಕೈ ಯಾಕ ಬಿಡ್ಲಿಲ್ಲ?"

ಅದೇ ಓವರಿನಲ್ಲಿ ಇನ್ನೊಬ್ಬ. ಮತ್ತೆ ಸ್ಲಿಪ್ಪಿನಲ್ಲೇ. ಮತ್ತೆ ಕೂಗು. ನನ್ನ ಬೆರಳುಗಳು ಅವನ ಬೆರಳಿಗೆ ಅಂಟಿಕೊಂಡೇ ಇದ್ದವು. ಅಂಗೈಯಲ್ಲಿ ನೀರು ಹರಿದಂತೆ ಬೆವರು. ದಲಾಲಿ ಮಾಡಿದವನು ಅವನು; ಎದುರಿನವನ ಬೆರಳಿಗಿಂತ ಮೊದಲು ಬೆವರನ್ನು ಓದಿ ಬದುಕಿದವನು.

"ರಿಪೋರ್ಟ್ ಬಂದೈತಿ" ಎಂದ. ಕೇಳಿದ್ದಲ್ಲ, ಹೇಳಿದ್ದು.

ನಾವು ಮಾಡಿಕೊಂಡ ಗುರುತುಗಳಲ್ಲಿ ಅದಕ್ಕೆ ಗುರುತಿರಲಿಲ್ಲ. ಅವನ ಪೂರ್ತಿ ಕೈ ಹಿಡಿದೆ, ಅಷ್ಟೇ. ಟಿವಿಯಲ್ಲಿ ಹೊಸ ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಳ್ಳುತ್ತಿದ್ದ. ಚಾಚಾ ಇನ್ನೊಂದು ಕೈಯಿಂದ ಟವೆಲ್ಲನ್ನು ತಡವಿ, ಎಲ್ಲೂ ಕೈ ಕಾಣದಂತೆ ಸರಿಯಾಗಿ ಹೊದಿಸಿದ.

"ಹಂಗಾರ ಕಾಯ್ದೆ ಬದಲಿ ಮಾಡೋಣು" ಎಂದ. "ಔಟ್ ಆದ್ರ ಬಿಡೂದಲ್ಲ. ಗಟ್ಟಿ ಹಿಡಿಯೂದು."

ಮೇಬಲ್ ಹೊರಗಿನಿಂದ ಕರೆಯುತ್ತಿದ್ದಾಳೆ. ಚಾಚಾನೂ ಬರುತ್ತೇನೆಂದು ಹಟ ಮಾಡಿ ಆಗಲೇ ಆಟೋದಲ್ಲಿ ಕುಳಿತಿದ್ದಾನಂತೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು.

ನಿನ್ನೆ ಒಂದೇ ದಿನ ಹದಿನಾಲ್ಕು ವಿಕೆಟ್ ಬಿದ್ದವು. ಪೆನ್ನು ಹಿಡಿದರೆ ಕೈ ನೋಯುತ್ತದೆ.